ಮೇಷ್ಟ್ರ ಅಕ್ಷರ ತಿಂದ ಅಪ್‌ಡೇಟು

ಹೋದ ವರ್ಷದ ಮಾತು. ನಮ್ಮೂರು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಇನ್ನು ಹತ್ತು ದಿನ ಇತ್ತು. ನಾನು ಬೆಂಗಳೂರಿನಲ್ಲಿ ಆಗ ತಾನೇ ಆಫೀಸಿನಿಂದ ಬಂದು ಊಟಕ್ಕೆ ಕೂತಿದ್ದೆ. ಮೇಷ್ಟ್ರ ಫೋನು ಬಂತು.

"ಏನಪ್ಪಾ, ನಿನ್ನ ಮಿಷನ್ನು ನನ್ನ ಅಕ್ಷರ ತಿಂದೈತಲ್ಲೋ!"

"ಏನಾಯ್ತು ಸಾರ್?"

"ಯಾರ‍್ಯಾರು ಅಂತ ಬರ್ದಿದ್ದು ಬ್ಯಾರೆ ಏನೋ ಆಗಿ ಕುಂತೈತೆ. ರಾಜ್‌ಕುಮಾರ್ ಹೆಸರಿನಾಗೆ ಜ ಕೆಳಗೆ ಕ ಒತ್ತು ಬಂದೈತೆ. ಪ್ರೆಸ್ಸಿನೋನು ನೂರು ಕಾಪಿ ಹೊಡ್ದೇ ಬಿಟ್ಟಾನೆ. ನಲವತ್ತು ವರ್ಷ ಮಕ್ಳಿಗೆ ಕಾಗುಣಿತ ತಿದ್ದಿದೋನು ನಾನು. ಈಗ ಜನ ನನ್ನ ಕಾಗುಣಿತ ತಿದ್ತಾರೆ."

ಕೊನೆಯ ಮಾತು ಹೇಳುವಾಗ ಅವರು ನಗುತ್ತಿದ್ದರು. ಆದರೆ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಮೇಷ್ಟ್ರ ಬಗ್ಗೆ ಸ್ವಲ್ಪ ಹೇಳಬೇಕು. ನನಗೆ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ರಿಟೈರಾದ ಮೇಲೆ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಟ್ಟಿಗಳನ್ನು ಸುತ್ತಿ ದನಗಾಹಿಗಳು, ಕುರಿಯವರು, ದೇವರ ಎತ್ತು ಕಾಯುವ ಕಿಲಾರಿಗಳು ಆಡುವ ಮಾತುಗಳನ್ನು ಬರೆದುಕೊಂಡವರು. ನಾಲ್ಕು ದಪ್ಪ ನೋಟ್‌ಬುಕ್ಕು. ಅದನ್ನೆಲ್ಲ ಊರಿನ ಒಂದು ಡಿಟಿಪಿ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತು ನುಡಿಯಲ್ಲಿ ಟೈಪ್ ಮಾಡಿಸಿದ್ದರು. ಯುನಿಕೋಡ್ ಅಲ್ಲ, ಹಳೆಯ ಆಸ್ಕಿ ನುಡಿ. ಆ ಫೈಲನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಟೋಪಿ ಹಾಕಿಕೊಂಡ 'ಎ', ಪೌಂಡ್ ಚಿಹ್ನೆ... ಯಾರಿಗೂ ಓದಕ್ಕಾಗಲ್ಲ, ಯಾರಿಗೂ ಹುಡುಕಕ್ಕಾಗಲ್ಲ.

ಅದನ್ನು ಯುನಿಕೋಡಿಗೆ ಬದಲಾಯಿಸೋಕೆ 2012ರಲ್ಲಿ ನಾನೊಂದು ಸಣ್ಣ ಪ್ರೋಗ್ರಾಮು ಬರೆದುಕೊಟ್ಟಿದ್ದೆ. ಅದನ್ನು ಓಪನ್ ಸೋರ್ಸ್ ಆಗಿ ಹಾಕಿಯೂ ಇದ್ದೆ. ಬೇರೆ ಊರಿನ ಕೆಲವರು, ಒಂದೆರಡು ಸಣ್ಣ ಪತ್ರಿಕೆಯವರು ಅದನ್ನು ಉಪಯೋಗಿಸುತ್ತಿದ್ದರು. ಮೇಷ್ಟ್ರು 'ನಿನ್ನ ಮಿಷನ್ನು' ಅಂದಿದ್ದು ಇದಕ್ಕೇ.

ಅದು ಅಕ್ಷರ ತಿಂದಿದ್ದು ಹೇಗೆ ಅನ್ನೋದೇ ಇವತ್ತಿನ ವಿಷಯ. ಸಾಫ್ಟ್‌ವೇರ್ ಗೊತ್ತಿಲ್ಲದವರೂ ದಯವಿಟ್ಟು ಓದಿ. ನಿಮ್ಮ ಅಕ್ಷರದ ವಿಷಯ ಇದು.

ಯಾವ ಪ್ರೋಗ್ರಾಮನ್ನೂ ಇವತ್ತು ಯಾರೂ ಪೂರ್ತಿ ತಾವೇ ಬರೆಯಲ್ಲ. ಬೇರೆಯವರು ಬರೆದಿಟ್ಟ ಲೈಬ್ರರಿಗಳನ್ನು ತಂದು ಜೋಡಿಸಿ, ನಮಗೆ ಬೇಕಾದಷ್ಟನ್ನು ಮಾತ್ರ ನಾವು ಬರೀತೀವಿ. ಈ ಎರವಲು ತಂದ ಲೈಬ್ರರಿಗಳಿಗೆ ಡಿಪೆಂಡೆನ್ಸಿ ಅಂತಾರೆ. ನಾನು ಒಂದನ್ನು ತಂದರೆ ಅದು ಇನ್ನು ನಾಲ್ಕನ್ನು ತರುತ್ತೆ, ಆ ನಾಲ್ಕು ಮತ್ತೆ ಹತ್ತನ್ನು ತರುತ್ತವೆ. ಮದುವೆಗೆ ಒಬ್ಬರನ್ನು ಕರೆದರೆ ಲಾರಿ ತುಂಬ ಜನ ಬಂದ ಹಾಗೆ.

ಈ ಒಂದೊಂದಕ್ಕೂ ವರ್ಶನ್ ನಂಬರ್ ಇರುತ್ತೆ. ಸಾಮಾನ್ಯವಾಗಿ ಮೂರು ಅಂಕಿ, ಮಧ್ಯೆ ಚುಕ್ಕೆ. ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಇದಕ್ಕೊಂದು ಕಟ್ಟಳೆ ಬರೆದರು. ಮೊದಲನೇ ಅಂಕಿ ಬದಲಾದರೆ, ಹಳೆಯದಕ್ಕೂ ಹೊಸದಕ್ಕೂ ಹೊಂದಿಕೆ ಇಲ್ಲ, ಹುಷಾರು. ಎರಡನೇ ಅಂಕಿ ಬದಲಾದರೆ ಹೊಸ ಸೌಲಭ್ಯ ಬಂದಿದೆ, ಹಳೆಯದು ಹಾಗೇ ನಡೆಯುತ್ತೆ. ಮೂರನೆಯದು ಬದಲಾದರೆ ಯಾವುದೋ ತಪ್ಪು ತಿದ್ದಿದ್ದಾರೆ ಅಷ್ಟೆ. ಇದಕ್ಕೆ ಸೆಮ್ಯಾಂಟಿಕ್ ವರ್ಶನಿಂಗ್ ಅಂತ ಹೆಸರು. ಕೇಳೋಕೆ ಚೆನ್ನಾಗಿದೆ, ಅಲ್ವಾ?

ನನ್ನ ಪ್ರೋಗ್ರಾಮಿನಲ್ಲಿ ಕೊನೆಯ ಹಂತದಲ್ಲಿ ಒಂದು ಚಿಕ್ಕ ಕೆಲಸ ಇತ್ತು. ಎರಡೆರಡು ಸ್ಪೇಸ್ ಇದ್ದರೆ ಒಂದು ಮಾಡೋದು, ವಕ್ರ ಉದ್ಧರಣ ಚಿಹ್ನೆ ಸರಿ ಮಾಡೋದು, ಸಾಲಿನ ಕೊನೆಯ ಕಸ ತೆಗೆಯೋದು. ಮೂವತ್ತು ಸಾಲಿನಲ್ಲಿ ನಾನೇ ಬರೆಯಬಹುದಿತ್ತು. ಸೋಮಾರಿತನ ನೋಡಿ, ಅದಕ್ಕೆ ಅಂತಲೇ ಇರುವ ಒಂದು ಲೈಬ್ರರಿಯನ್ನು ತಂದು ಹಾಕಿದ್ದೆ. ಯಾವ ವರ್ಶನ್ ಬೇಕು ಅಂತ ಬರೆಯುವ ಜಾಗದಲ್ಲಿ 'ಇದು ಅಥವಾ ಇದಕ್ಕಿಂತ ಹೊಸದು ಯಾವುದಾದರೂ ಸರಿ' ಅಂತ ಬರೆದಿದ್ದೆ. ಆ ಒಂದು ಸಾಲೇ ನನ್ನ ತಪ್ಪು.

ಡಿಟಿಪಿ ಅಂಗಡಿಯವರು ಹೊಸ ಕಂಪ್ಯೂಟರ್ ತಂದರು. ಪ್ರೋಗ್ರಾಮನ್ನು ಮತ್ತೆ ಇನ್‌ಸ್ಟಾಲ್ ಮಾಡಿದರು. ಅದು ಲೈಬ್ರರಿಯ ಅತಿ ಹೊಸ ವರ್ಶನ್ನನ್ನು ತಾನೇ ಎಳೆದುಕೊಂಡು ಬಂತು. ಎರಡನೇ ಅಂಕಿ ಮಾತ್ರ ಬದಲಾಗಿತ್ತು. ಕಟ್ಟಳೆಯ ಪ್ರಕಾರ ಏನೂ ಮುರಿಯಬಾರದು. ಮುರಿಯಲೂ ಇಲ್ಲ... ಇಂಗ್ಲಿಷಿನವರಿಗೆ.

ಆ ಹೊಸ ವರ್ಶನ್ ಮಾಡಿದ್ದಿಷ್ಟೇ: ಬರಹದಲ್ಲಿ ಕಣ್ಣಿಗೆ ಕಾಣದ ಅಕ್ಷರಗಳಿದ್ದರೆ ಅವನ್ನು ಕಿತ್ತು ಬಿಸಾಡಿತು.

ಕಣ್ಣಿಗೆ ಕಾಣದ ಅಕ್ಷರ ಅಂದರೇನು? ಯುನಿಕೋಡಿನಲ್ಲಿ ಝೀರೋ ವಿಡ್ತ್ ಜಾಯಿನರ್ ಮತ್ತು ಝೀರೋ ವಿಡ್ತ್ ನಾನ್ ಜಾಯಿನರ್ ಅಂತ ಎರಡಿವೆ. ಅಗಲ ಸೊನ್ನೆ. ಪರದೆ ಮೇಲೆ ಏನೂ ಕಾಣಲ್ಲ. ಆದರೆ ಅಕ್ಕಪಕ್ಕದ ಅಕ್ಷರಗಳು ಹೇಗೆ ಸೇರಬೇಕು, ಹೇಗೆ ಸೇರಬಾರದು ಅಂತ ಅವು ಹೇಳುತ್ತವೆ. 'ಸಾಫ್ಟ್‌ವೇರ್' ಅನ್ನೋ ಪದ ನೋಡಿ. 'ಟ್' ಆದಮೇಲೆ ಒಂದು ನಾನ್ ಜಾಯಿನರ್ ಕೂತಿದೆ. ಅದನ್ನು ತೆಗೆದರೆ 'ಸಾಫ್ಟ್ವೇರ್' ಆಗಿ, ವ ಒತ್ತಾಗಿ ಕೆಳಗೆ ಇಳಿಯುತ್ತೆ. ರಾಜ್‌ಕುಮಾರ್ 'ರಾಜ್ಕುಮಾರ್' ಆಗ್ತಾರೆ. ಅಣ್ಣಾವ್ರ ಹೆಸರು ಹೀಗೆ ಅಚ್ಚಾದರೆ ನಮ್ಮೂರಲ್ಲಿ ಸುಮ್ಮನಿರ್ತಾರಾ?

ಇನ್ನು ರ ಅಕ್ಷರದ ಕಥೆ ಬೇರೆ. ಕನ್ನಡದಲ್ಲಿ ರ, ಹಲಂತ, ಮುಂದೆ ಇನ್ನೊಂದು ವ್ಯಂಜನ ಬಂದರೆ ಅದು ಅರ್ಕಾವತ್ತು ಆಗುತ್ತೆ. ಕರ್ಮ, ಧರ್ಮ, ಸೂರ್ಯ. ಆದರೆ 'ರ‍್ಯಾಂಕ್' ಅಂತ ಬರೆಯುವಾಗ ನಮಗೆ ಅರ್ಕಾವತ್ತು ಬೇಡ, ರ ಪೂರ್ತಿಯಾಗಿ ನಿಂತು ಅದರ ಕೆಳಗೆ ಯ ಒತ್ತು ಬೇಕು. ಅದಕ್ಕೆ ಜಾಯಿನರ್ ಹಾಕಬೇಕು. ಇಲ್ಲದಿದ್ದರೆ 'ರ್ಯಾಂಕ್' ಆಗುತ್ತೆ. ಮೇಷ್ಟ್ರು ಹಟ್ಟಿಗಳ ಮಾತನ್ನು ಕೇಳಿದಂತೆಯೇ ಬರೆಯುವವರು, ಅವರಿಗೆ 'ಯಾರ‍್ಯಾರು', 'ಬೇರ‍್ಬೇರೆ' ಇವೆಲ್ಲ ಹೀಗೇ ಬೇಕು. ಅರ್ಕಾವತ್ತನ್ನೇ ಬಿಟ್ಟು ಬರೆಯುವ ಹೊಸಬರಹದ ಗೆಳೆಯರಿಗಂತೂ ಸಾಲಿಗೊಂದು ಜಾಯಿನರ್ ಬೇಕು.

ಹಳೆಯ ಆಸ್ಕಿ ನುಡಿಯಲ್ಲಿ ಈ ತೊಂದರೆಯೇ ಇರಲಿಲ್ಲ. ಅಲ್ಲಿ ಕಣ್ಣಿಗೆ ಕಂಡದ್ದೇ ಫೈಲಿನಲ್ಲಿ ಇರುತ್ತೆ. ಯುನಿಕೋಡಿನಲ್ಲಿ ಫೈಲಿನಲ್ಲಿರೋದು ಅಕ್ಷರದ ಚಿತ್ರವಲ್ಲ, ಅಕ್ಷರದ ಲೆಕ್ಕ. ಆದ್ದರಿಂದ ನನ್ನ ಪ್ರೋಗ್ರಾಮು ಚಿತ್ರ ನೋಡಿ ಎಲ್ಲೆಲ್ಲಿ ಜಾಯಿನರ್ ಬೇಕು, ಎಲ್ಲೆಲ್ಲಿ ನಾನ್ ಜಾಯಿನರ್ ಬೇಕು ಅಂತ ಲೆಕ್ಕ ಹಾಕಿ ಸೇರಿಸುತ್ತಿತ್ತು. ನಾನು ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಅದು. ಸೇರಿಸಿದ್ದನ್ನೆಲ್ಲ ಕೊನೆಯ ಹಂತದಲ್ಲಿ ಆ ಲೈಬ್ರರಿ ಗುಡಿಸಿ ಹೊರಗೆ ಹಾಕಿತು. ಎರರ್ ಬರಲಿಲ್ಲ. ಎಚ್ಚರಿಕೆ ಬರಲಿಲ್ಲ. 'ಯಶಸ್ವಿಯಾಗಿ ಮುಗಿಯಿತು' ಅಂತ ನಾನೇ ಬರೆದ ಸಂದೇಶ ಬಂತು!

ಸಿಟ್ಟು ಬಂತು ನಿಜ. ಆದರೆ ಆ ಲೈಬ್ರರಿಯವರು ಹಾಗೇಕೆ ಮಾಡಿದರು ಅಂತ ನೋಡಿದಾಗ ಪೂರ್ತಿ ಬೈಯೋಕೂ ಆಗಲಿಲ್ಲ. 2021ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕೊಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್ ಒಂದು ಪ್ರಬಂಧ ಪ್ರಕಟಿಸಿದರು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬರಹದ ದಿಕ್ಕು ತಿರುಗಿಸುವ ಕಾಣದ ಅಕ್ಷರಗಳನ್ನು ಕೋಡಿನಲ್ಲಿ ಅಡಗಿಸಿ, ಓದುವವರ ಕಣ್ಣಿಗೆ ಒಂದು ಕಂಡು ಯಂತ್ರಕ್ಕೆ ಇನ್ನೊಂದು ಕಾಣುವ ಹಾಗೆ ಮೋಸ ಮಾಡಬಹುದು ಅಂತ ತೋರಿಸಿದರು. ಟ್ರೋಜನ್ ಸೋರ್ಸ್ ಅಂತ ಅದಕ್ಕೆ ಹೆಸರು. ಆಮೇಲೆ ಕಾಣದ ಅಕ್ಷರ ಅಂದರೆ ಸಾಕು, ಎಲ್ಲರಿಗೂ ಅನುಮಾನ. ಈ ಲೈಬ್ರರಿಯವರೂ ಅದೇ ಭಯದಲ್ಲಿ ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಿ ಕಿತ್ತರು. ಕಳ್ಳನನ್ನು ಹಿಡಿಯಲು ಬಂದವರು ಮನೆಯವರನ್ನೂ ಜೀಪಿಗೆ ಹತ್ತಿಸಿದರು.

ನನಗೆ ನಿಜವಾಗಿ ಚುಚ್ಚಿದ್ದು ಬೇರೆ. ಅವರ ದೂರಿನ ಪಟ್ಟಿ ನೋಡಿದೆ. ಆ ವರ್ಶನ್ ಬಂದ ಎರಡೇ ದಿನಕ್ಕೆ ಯಾರೋ ದೂರು ಕೊಟ್ಟಿದ್ದರು: ಅಪ್ಪ ಅಮ್ಮ ಮಗು ಇರುವ ಫ್ಯಾಮಿಲಿ ಎಮೋಜಿ ಒಡೆದು ಮೂರು ಬೇರೆ ಬೇರೆ ತಲೆಗಳಾಗಿವೆ ಅಂತ! ಹೌದು, ಆ ಎಮೋಜಿಗಳನ್ನು ಒಟ್ಟಿಗೆ ಹಿಡಿದಿಡೋದೂ ಇದೇ ಝೀರೋ ವಿಡ್ತ್ ಜಾಯಿನರ್. ತಕ್ಷಣ ಸರಿ ಮಾಡಿದ್ದರು. ಎಮೋಜಿಗೆ ವಿನಾಯಿತಿ. ಕನ್ನಡಕ್ಕೆ ಇಲ್ಲ. ಬೇಕೆಂದೇ ಬಿಟ್ಟರು ಅಂತಲ್ಲ. ಎಮೋಜಿ ಒಡೆದರೆ ಕೂಗುವವರಿದ್ದರು, ಯಾರ‍್ಯಾರು ಒಡೆದರೆ ಕೂಗುವವರು ಯಾರೂ ಇರಲಿಲ್ಲ. ಅಷ್ಟೆ.

ಇಲ್ಲಿಂದ ನನಗೆ ಒಂದು ಮಾತು ಖಚಿತವಾಯಿತು. ವರ್ಶನ್ ಹೊಂದಿಕೆ ಅನ್ನೋದು ನಂಬರಿನಲ್ಲಿ ಇರೋದಲ್ಲ. ಅದು ಪರೀಕ್ಷೆಯಲ್ಲಿ ಇರೋದು. 'ಹಳೆಯದು ಹಾಗೇ ನಡೆಯುತ್ತೆ' ಅಂತ ಒಂದು ಪ್ರಾಜೆಕ್ಟು ಹೇಳಿದಾಗ, 'ನಾವು ಪರೀಕ್ಷಿಸಿ ನೋಡಿದ ಹಳೆಯದು ನಡೆಯುತ್ತೆ' ಅಂತ ಮಾತ್ರ ಅದರ ಅರ್ಥ. ಆ ಪರೀಕ್ಷೆಗಳಲ್ಲಿ ಒಂದೂ ಕನ್ನಡ ಪದ ಇಲ್ಲದಿದ್ದರೆ, ಅವರ ಲೆಕ್ಕದಲ್ಲಿ ಕನ್ನಡವೇ ಇಲ್ಲ.

ಹಾಗಾದರೆ ಅಪ್‌ಡೇಟೇ ಮಾಡಬಾರದಾ? ಒಂದು ವರ್ಶನ್ನಿಗೆ ಗೂಟ ಹೊಡೆದು ಕೂರೋಣವಾ? ಎಷ್ಟೋ ಗೆಳೆಯರು ಹೀಗೆ ಹೇಳ್ತಾರೆ. ಡೊನಾಲ್ಡ್ ನುತ್ ಅವರ ಟೆಕ್ ಉದಾಹರಣೆ ಕೊಡ್ತಾರೆ. ಅದಕ್ಕೆ ಹೊಸ ಸೌಲಭ್ಯ ಸೇರಿಸೋದನ್ನು ನುತ್ ಎಂದೋ ನಿಲ್ಲಿಸಿದರು, ತಪ್ಪು ತಿದ್ದಿದಾಗಲೆಲ್ಲ ವರ್ಶನ್ ನಂಬರಿಗೆ ಪೈ ಸಂಖ್ಯೆಯ ಇನ್ನೊಂದು ಅಂಕಿ ಸೇರಿಸುತ್ತಾರೆ. 2021ರಲ್ಲಿ ಅದು 3.141592653 ಆಯಿತು. ಚೆಂದವೇ. ಆದರೆ ನಾವೆಲ್ಲ ನುತ್ ಅಲ್ಲ. :-)

ಡಿಸೆಂಬರ್ 2021ರಲ್ಲಿ ಲಾಗ್4ಜೆ ಅನ್ನೋ ಜಾವಾ ಲೈಬ್ರರಿಯಲ್ಲಿ ದೊಡ್ಡ ತೂತು ಸಿಕ್ಕಿತು. ಜಗತ್ತಿನ ಅರ್ಧ ಸರ್ವರುಗಳ ಹೊಟ್ಟೆಯೊಳಗೆ ಅದು ಎಲ್ಲೆಲ್ಲೋ ಕೂತಿತ್ತು ಅಂತ ಆಗಲೇ ಎಷ್ಟೋ ಜನಕ್ಕೆ ಗೊತ್ತಾಗಿದ್ದು. ಗೂಟ ಹೊಡೆದು ಕೂತವರು ಒದ್ದಾಡಿದರು. ಸರಿ, ಹಾಗಾದರೆ ಹೊಸದು ಬಂದ ಕೂಡಲೇ ಹಾಕಿಕೊಳ್ಳೋಣ ಅಂದರೆ, ಮಾರ್ಚ್ 2024ರಲ್ಲಿ ಎಕ್ಸ್‌ಝಡ್ ಪ್ರಕರಣ ಆಯಿತು. 5.6.0 ಮತ್ತು 5.6.1 ವರ್ಶನ್ನುಗಳಲ್ಲಿ ಯಾರೋ ಬೇಕೆಂದೇ ಹಿಂಬಾಗಿಲು ಇಟ್ಟಿದ್ದರು. ಜಿಯಾ ಟಾನ್ ಅನ್ನೋ ಹೆಸರಿನಲ್ಲಿ ಬಂದು, ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿ, ಒಬ್ಬನೇ ಬಿಡುವಿಲ್ಲದೆ ದುಡಿಯುತ್ತಿದ್ದ ನಿರ್ವಾಹಕನ ನಂಬಿಕೆ ಗಳಿಸಿ ಮಾಡಿದ ಮೋಸ ಅದು. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ಲಾಗಿನ್ ಯಾಕೆ ಅರ್ಧ ಸೆಕೆಂಡು ತಡವಾಗ್ತಿದೆ ಅಂತ ಬೆನ್ನು ಹತ್ತಿ ಕಂಡುಹಿಡಿದರು. ಆ ಸಲ ಉಳಿದುಕೊಂಡವರು ಹಳೆಯ ವರ್ಶನ್ನಿನಲ್ಲೇ ಇದ್ದವರು.

ಅಂದರೆ ಹಳೆಯದೇ ಕ್ಷೇಮ ಅನ್ನೋದೂ ಮೂಢನಂಬಿಕೆ, ಹೊಸದೇ ಕ್ಷೇಮ ಅನ್ನೋದೂ ಮೂಢನಂಬಿಕೆ. ಏನು ಬದಲಾಗಿದೆ ಅಂತ ನೋಡಿ ತಗೊಳ್ಳೋದೊಂದೇ ದಾರಿ.

ಬದಲಾವಣೆಯೇ ಕೆಟ್ಟದ್ದು ಅಂತಲೂ ನಾನು ಹೇಳಲ್ಲ. ಪೈಥಾನ್ 3 ಬಂದಿದ್ದು ಡಿಸೆಂಬರ್ 2008ರಲ್ಲಿ. ಪೈಥಾನ್ 2ಕ್ಕೂ ಅದಕ್ಕೂ ಹೊಂದಿಕೆ ಇರಲಿಲ್ಲ. ನನ್ನ 2012ರ ಪ್ರೋಗ್ರಾಮು ಪೈಥಾನ್ 2ರಲ್ಲಿತ್ತು, ಪೂರ್ತಿ ತಿರುಗಿ ಬರೆಯಬೇಕಾಯಿತು. ಆಗ ಗೊಣಗಿದ್ದೆ. ಆದರೆ ಆ ಮುರಿತದ ಮುಖ್ಯ ಕಾರಣಗಳಲ್ಲಿ ಒಂದು ಯುನಿಕೋಡ್. ಎರಡರಲ್ಲಿ ಕನ್ನಡ ಬರೆಯಬೇಕೆಂದರೆ ಸರ್ಕಸ್ಸು, ಮೂರರಲ್ಲಿ ಎಲ್ಲ ಬರಹವೂ ಯುನಿಕೋಡೇ. ನಮಗೆ ಒಳ್ಳೆಯದೇ ಆಯಿತು. ಮತ್ತೆ ಅವರು ಮುಚ್ಚುಮರೆ ಮಾಡಲಿಲ್ಲ. ಮೊದಲನೇ ಅಂಕಿ ಬದಲಾಯಿಸಿದರು, ಕಾರಣ ಹೇಳಿದರು, ಹಳೆಯದು 2015ಕ್ಕೆ ಮುಗಿಯುತ್ತೆ ಅಂದವರು ಜನ ಇನ್ನೂ ಬಂದಿಲ್ಲ ಅಂತ 2020ರ ಜನವರಿ 1ರವರೆಗೆ ಕಾದರು. ಹೇಳಿ ಮುರಿಯುವುದು ಬೇರೆ, ಹೇಳದೆ ಮುರಿಯುವುದು ಬೇರೆ.

ಕೋಡನ್ನು ತಿರುಗಿ ಬರೆಯಬಹುದು. ಬರಹವನ್ನು ತಿರುಗಿ ಬರೆಯಕ್ಕಾಗಲ್ಲ. ನಾನು ನನ್ನ ಪ್ರೋಗ್ರಾಮನ್ನು ಮೂರು ಸಲ ಬದಲಾಯಿಸಿದೆ. ಮೇಷ್ಟ್ರು ನಾಲ್ಕು ನೋಟ್‌ಬುಕ್ಕನ್ನು ಮತ್ತೆ ಬರೆಯುತ್ತಾರಾ? ಅವರಿಗೆ ಆ ಪದಗಳನ್ನು ಹೇಳಿದ ಮುದುಕರಲ್ಲಿ ಎಷ್ಟೋ ಜನ ಈಗಿಲ್ಲ. ಆದ್ದರಿಂದ ಹೊಸ ವರ್ಶನ್ನುಗಳು ಹಳೆಯ ಕೋಡಿಗೆ ಹೊಂದಲಿ ಬಿಡಲಿ, ಹಳೆಯ ಬರಹಕ್ಕೆ ಹೊಂದಲೇಬೇಕು.

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವರೂ ಇದ್ದಾರೆ. ಕನ್ನಡದ್ದೇ ಎರಡು ಉದಾಹರಣೆ ಕೊಡ್ತೀನಿ.

ಮೊದಲನೆಯದು ಹಳಗನ್ನಡದ ೞ ಅಕ್ಷರ. ಯುನಿಕೋಡಿನಲ್ಲಿ ಇದರ ಅಧಿಕೃತ ಹೆಸರು ಏನು ಗೊತ್ತಾ? 'ಕನ್ನಡ ಲೆಟರ್ ಫ'! ಶುರುವಿನಲ್ಲೇ ಯಾರೋ ಮಾಡಿದ ತಪ್ಪು. ಅದನ್ನು ಇವತ್ತಿಗೂ ತಿದ್ದಿಲ್ಲ, ಮುಂದೆ ತಿದ್ದುವುದೂ ಇಲ್ಲ. ಯಾಕಂದರೆ ಒಮ್ಮೆ ಕೊಟ್ಟ ಹೆಸರನ್ನು, ಒಮ್ಮೆ ಕೊಟ್ಟ ಜಾಗವನ್ನು ಎಂದೂ ಬದಲಾಯಿಸುವುದಿಲ್ಲ ಅಂತ ಯುನಿಕೋಡಿನವರ ನಿಯಮ. ತಪ್ಪು ಹೆಸರನ್ನು ಹಾಗೇ ಇಟ್ಟು, ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರನ್ನು ಸೇರಿಸಿದ್ದಾರೆ. ಕನ್ನಡಿಗನಾಗಿ ಮೊದಲ ಸಲ ನೋಡಿದಾಗ ಕೋಪ ಬಂದಿತ್ತು. ಈಗ ಗೌರವ ಬರುತ್ತೆ. ಆ ಹಠ ಇರೋದರಿಂದಲೇ ಇಪ್ಪತ್ತು ವರ್ಷದ ಹಿಂದೆ ಯುನಿಕೋಡಿನಲ್ಲಿ ಬರೆದದ್ದನ್ನು ಇವತ್ತೂ ಓದಬಹುದು.

ಎರಡನೆಯದು ಹಾರ್ಫ್‌ಬಜ್. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಫೋನು, ಲಿಬ್ರೆ ಆಫೀಸ್ ಇವೆಲ್ಲದರೊಳಗೆ ಅಕ್ಷರಕ್ಕೆ ಒತ್ತು, ಗುಣಿತ ಜೋಡಿಸಿ ಕೊಡುವ ಓಪನ್ ಸೋರ್ಸ್ ಲೈಬ್ರರಿ ಅದು. ಇದನ್ನು ಬಹುಕಾಲ ಮುನ್ನಡೆಸಿದವರು ಇರಾನಿನಲ್ಲಿ ಹುಟ್ಟಿದ ಬೆಹ್ದಾದ್ ಇಸ್ಫಹ್‌ಬೋದ್. ಪರ್ಷಿಯನ್ನಿನಲ್ಲಿ ಬರೆಯೋಕೂ ನಾನ್ ಜಾಯಿನರ್ ಬೇಕು, ಹಾಗಾಗಿ ಕಾಣದ ಅಕ್ಷರದ ಬೆಲೆ ಅವರಿಗೆ ಗೊತ್ತು.

ರ ಪೂರ್ತಿ ನಿಲ್ಲಬೇಕಾದರೆ ರ, ಜಾಯಿನರ್, ಹಲಂತ ಈ ಕ್ರಮದಲ್ಲಿ ಇರಬೇಕು ಅಂತ ಯುನಿಕೋಡ್ ಹೇಳುತ್ತೆ. ಆದರೆ ಅದಕ್ಕೆ ಮೊದಲಿನಿಂದ ರೂಢಿಯಲ್ಲಿದ್ದದ್ದು ರ, ಹಲಂತ, ಜಾಯಿನರ್. ಎಕ್ಸ್‌ಪಿ ಕಾಲದಲ್ಲಿ ಕನ್ನಡ ಬರೆದವರು ಈ ಎರಡನೇ ಕ್ರಮದಲ್ಲೇ ರಾಶಿ ರಾಶಿ ಬರೆದಿಟ್ಟಿದ್ದಾರೆ. ಹೊಸ ನಿಯಮವನ್ನು ಮಾತ್ರ ಪಾಲಿಸಿದರೆ ಆ ಹಳೆಯ ಬರಹವೆಲ್ಲ ಕೆಡುತ್ತೆ. ಇದು ಹಾರ್ಫ್‌ಬಜ್‌ನ ದೂರಿನ ಪಟ್ಟಿಯಲ್ಲಿ 435ನೇ ನಂಬರಿನಲ್ಲಿ ದಾಖಲಾಯಿತು. ಇವತ್ತು ಅದರ ಕೋಡ್ ತೆರೆದು ನೋಡಿ. ಕನ್ನಡದ ಹಳೆಯ ರೂಢಿಯ ಜೊತೆ ಹೊಂದಿಕೆಗಾಗಿ ಈ ಎರಡು ಕ್ರಮಗಳನ್ನೂ ಒಂದೇ ಎಂದು ನಡೆಸಬೇಕು ಅಂತ ಟಿಪ್ಪಣಿ ಬರೆದು, ಕನ್ನಡಕ್ಕೆ ಅಂತಲೇ ಕೆಲವು ಸಾಲು ಇಟ್ಟಿದ್ದಾರೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲೂ ಆ ಸಾಲುಗಳಿವೆ. 'ಹಳೆಯ ಬರಹ ತಪ್ಪು, ತಿದ್ದಿಕೊಂಡು ಬನ್ನಿ' ಅಂತ ಅವರು ಕನ್ನಡಿಗರಿಗೆ ಹೇಳಲಿಲ್ಲ. ಇದಕ್ಕೆ ನಾನು ಹೊಂದಿಕೆ ಅನ್ನೋದು.

(ಆದರೂ ಒಂದು ತೊಡಕು ಉಳಿಯುತ್ತೆ. ಎರಡೂ ಕಣ್ಣಿಗೆ ಒಂದೇ ಥರ ಕಂಡರೂ ಫೈಲಿನೊಳಗೆ ಬೇರೆ ಬೇರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗಲ್ಲ. ಯುನಿಕೋಡ್ ನಾರ್ಮಲೈಸೇಶನ್ ಮಾಡಿದರೂ ಒಂದಾಗಲ್ಲ. ಮೇಷ್ಟ್ರ ಪಟ್ಟಿಯಲ್ಲಿ ಕೆಲವು ಪದ ಎರಡೆರಡು ಸಲ ಬಂದದ್ದು ಇದರಿಂದಲೇ. ಪದಕೋಶ ಮಾಡುವವರು ಗಮನಿಸಿ.)

ನಮ್ಮ ಕಡೆ ಕೆರೆಗಳದ್ದೊಂದು ಲೆಕ್ಕ ಇದೆ. ನಾಯಕನಹಟ್ಟಿಯ ಸುತ್ತ ಕೆರೆ ಕಟ್ಟಿಸಿದವರು ತಿಪ್ಪೇರುದ್ರಸ್ವಾಮಿಗಳು ಅಂತ ಜನ ಇವತ್ತಿಗೂ ನೆನೆಯುತ್ತಾರೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಮೇಲಿನವರು ಕೋಡಿಯನ್ನು ಎರಡು ಅಡಿ ಎತ್ತರಿಸಿದರೆ ಅವರ ಮಟ್ಟಿಗೆ ಅದು ಸಣ್ಣ ರಿಪೇರಿ, ಕೆಳಗಿನ ಅಚ್ಚುಕಟ್ಟಿಗೆ ಬರ. ಓಪನ್ ಸೋರ್ಸಿನಲ್ಲೂ ಇದೇ ಮಾತು, ಅಪ್‌ಸ್ಟ್ರೀಮ್ ಮತ್ತು ಡೌನ್‌ಸ್ಟ್ರೀಮ್. ನಾವು ಕನ್ನಡದವರು ಹೆಚ್ಚಾಗಿ ಕೆಳಗಿನ ಕೆರೆಯವರು. ಮೇಲೆ ಏನು ನಡೀತಿದೆ ಅಂತ ನಮ್ಮ ಕಡೆಯಿಂದ ಒಬ್ಬ ನೀರಗಂಟಿ ಹೋಗಿ ನೋಡದಿದ್ದರೆ, ನೀರು ನಿಂತ ಮೇಲೇ ನಮಗೆ ಗೊತ್ತಾಗೋದು.

ಅದಕ್ಕೇ ಈಗ ನಾನು ಮಾಡುತ್ತಿರೋದು ಇಷ್ಟು.

ಒಂದು, ಆ ಲೈಬ್ರರಿಯನ್ನು ತೆಗೆದುಹಾಕಿ ಮೂವತ್ತು ಸಾಲು ನಾನೇ ಬರೆದೆ. 2016ರಲ್ಲಿ ಲೆಫ್ಟ್‌ಪ್ಯಾಡ್ ಅನ್ನೋ ಹನ್ನೊಂದು ಸಾಲಿನ ಲೈಬ್ರರಿಯನ್ನು ಅದರ ಲೇಖಕ ಹಿಂತೆಗೆದುಕೊಂಡಾಗ ದೊಡ್ಡ ದೊಡ್ಡ ಪ್ರಾಜೆಕ್ಟುಗಳ ಕೆಲಸವೇ ನಿಂತಿತ್ತು. ಆಗ ನಕ್ಕಿದ್ದೆ. ನಾನು ಮಾಡಿದ್ದೂ ಅದನ್ನೇ.

ಎರಡು, ಉಳಿದ ಡಿಪೆಂಡೆನ್ಸಿಗಳಿಗೆಲ್ಲ ಲಾಕ್ ಫೈಲ್ ಇಟ್ಟೆ. ಯಾವುದರ ಯಾವ ವರ್ಶನ್ ಜೊತೆ ಪರೀಕ್ಷೆ ಮಾಡಿದ್ದೇನೋ ಅದೇ ಇನ್‌ಸ್ಟಾಲ್ ಆಗಬೇಕು, ಬೆಂಗಳೂರಿನಲ್ಲಾದರೂ ನಾಯಕನಹಟ್ಟಿಯಲ್ಲಾದರೂ. ಮೂರು ತಿಂಗಳಿಗೊಮ್ಮೆ ಕೂತು, ಬದಲಾವಣೆಯ ಪಟ್ಟಿ ಓದಿ, ಒಂದೊಂದಾಗಿ ಮೇಲೇರಿಸೋದು. ಭದ್ರತೆಯ ತೂತು ಅಂತ ಸುದ್ದಿ ಬಂದರೆ ಅವತ್ತೇ.

ಮೂರು, ಒಂದು ಪದಪಟ್ಟಿ. ಸಾಫ್ಟ್‌ವೇರ್, ರಾಜ್‌ಕುಮಾರ್, ರ‍್ಯಾಂಕ್, ಯಾರ‍್ಯಾರು, ಸೂರ್ಯ, ಸ್ತ್ರೀ, ಹಳಗನ್ನಡದ ೞ ಇರುವ ಪದ, ಹೀಗೆ ಐವತ್ತು. ಏನೇ ಬದಲಾದರೂ ಮೊದಲು ಈ ಐವತ್ತು ಪದಗಳು ಒಳಗೆ ಹೋಗಿ ಅಕ್ಷರ ಬಿಡದೆ ಹೊರಗೆ ಬರಬೇಕು. ಒಂದು ಕೆಟ್ಟರೂ ಕೆಲಸ ನಿಲ್ಲುತ್ತೆ. ಪಟ್ಟಿ ಮಾಡಿಕೊಟ್ಟವರು ಮೇಷ್ಟ್ರೇ. ಪ್ರೋಗ್ರಾಮಿಂಗ್ ಬರದವರೂ ಓಪನ್ ಸೋರ್ಸಿಗೆ ಏನು ಕೊಡಬಹುದು ಅಂತ ಕೇಳುತ್ತೀರಲ್ಲ, ಇದನ್ನು ಕೊಡಬಹುದು. ಇಂಥ ಪಟ್ಟಿ ಮಾಡೋಕೆ ಬೇಕಾದದ್ದು ಕನ್ನಡ, ಪೈಥಾನ್ ಅಲ್ಲ.

ನಾಲ್ಕು, ಎಲ್ಲಕ್ಕಿಂತ ಮುಖ್ಯ, ಮೂಲ ಫೈಲನ್ನು ಎಂದೂ ಅಳಿಸದಿರೋದು. ಮೇಷ್ಟ್ರ ಆಸ್ಕಿ ಫೈಲುಗಳು ಹಾಗೇ ಇದ್ದವು. ಅದರಿಂದಲೇ ಅವತ್ತು ಬಚಾವಾದೆ.

ಐದನೆಯದು, ನಾವು ಸಾಮಾನ್ಯವಾಗಿ ಮಾಡದೇ ಇರುವುದು. ಮೇಲಿನ ಕೆರೆಗೆ ಹೋಗೋದು. ಲೈಬ್ರರಿಯನ್ನು ತೆಗೆದುಹಾಕಿದ ಮೇಲೆ ನನ್ನ ಕೆಲಸ ಮುಗಿದಿತ್ತು, ಸುಮ್ಮನಿರಬಹುದಿತ್ತು. ಆದರೆ ಅದೇ ಲೈಬ್ರರಿ ಇನ್ನೆಷ್ಟು ಕಡೆ ಇನ್ನೆಷ್ಟು ಜನರ ಅಕ್ಷರ ತಿನ್ನುತ್ತಿದೆಯೋ? ದೂರು ಬರೆದೆ. ಬೈಯಲಿಲ್ಲ. ಯಾವ ಪದ ಹೇಗಿತ್ತು, ಹೇಗಾಯಿತು ಅಂತ ಚಿತ್ರ ಸಮೇತ ತೋರಿಸಿ, ಸರಿ ಮಾಡುವ ಕೋಡ್ ಮತ್ತು ಹತ್ತು ಕನ್ನಡ ಪದಗಳ ಪರೀಕ್ಷೆ ಬರೆದು ಕಳಿಸಿದೆ. ಮೂರು ವಾರ ಉತ್ತರ ಇಲ್ಲ. ಆಮೇಲೆ ನಿರ್ವಾಹಕರು ಬರೆದರು. ಈ ಅಕ್ಷರಗಳು ಯಾವುದಾದರೂ ಭಾಷೆಗೆ ನಿಜವಾಗಿ ಬೇಕಾಗುತ್ತವೆ ಅಂತ ತಮಗೆ ಗೊತ್ತೇ ಇರಲಿಲ್ಲ, ಸಂಬಳವಿಲ್ಲದೆ ರಾತ್ರಿ ಹೊತ್ತು ಮಾಡುವ ಕೆಲಸ ಇದು, ತಡವಾಯಿತು ಕ್ಷಮಿಸಿ ಅಂತ. ಸೇರಿಸಿಕೊಂಡರು.

ಅವರ ಮೇಲಿದ್ದ ಅಳಿದುಳಿದ ಸಿಟ್ಟೂ ಅವತ್ತು ಇಳಿಯಿತು. 'ಮಾಡಿದಷ್ಟು ನೀಡು ಭಿಕ್ಷೆ' ಅನ್ನೋದು ನಮ್ಮೂರಿನ ಸ್ವಾಮಿಗಳ ಮಾತು. ಓಪನ್ ಸೋರ್ಸಿಗೆ ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ. ಬಿಟ್ಟಿ ಸಿಗುತ್ತೆ ಅಂತ ತಂದು ಹಾಕಿಕೊಂಡು, ಕೆಟ್ಟಾಗ ಮಾತ್ರ ಕೂಗುವ ನಾವು ಎಷ್ಟು ಮಾಡಿದ್ದೇವೆ? ಒಂದು ಪರೀಕ್ಷೆ, ಒಂದು ಸರಿಯಾದ ದೂರು, ಅನುಕೂಲ ಇದ್ದರೆ ನಾಲ್ಕು ಕಾಸು... ಅಷ್ಟು ಮಾಡದೆ ಹೊಂದಿಕೆಯನ್ನು ಕೇಳುವ ಹಕ್ಕು ನಮಗೆಷ್ಟಿದೆ?

ಮೇಷ್ಟ್ರ ಪುಸ್ತಕ ಜಾತ್ರೆಗೆ ಬರಲಿಲ್ಲ. ಯುಗಾದಿ ಕಳೆದ ಮೇಲೆ ಬಂತು, ಎಲ್ಲ ಅಕ್ಷರ ಸರಿಯಾಗಿ. ಕೆಟ್ಟ ನೂರು ಕಾಪಿಯ ದುಡ್ಡು ನಾನೇ ಕೊಟ್ಟೆ, ಅವರು ಬೇಡ ಅಂದರೂ. ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಆ ಲೈಬ್ರರಿಯ ಪರೀಕ್ಷೆ ಫೈಲು ತೆರೆದು ತೋರಿಸಿದೆ. ಸುತ್ತ ಎಲ್ಲ ಇಂಗ್ಲಿಷು, ಮಧ್ಯೆ ಹತ್ತು ಸಾಲು ಕನ್ನಡ.

ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಯಾರ‍್ಯಾರು ಅಂತ ಐತಲ್ಲೋ ಇಲ್ಲಿ!"

"ಹೌದು ಸಾರ್. ಇನ್ನು ಮುಂದೆ ಅವರು ಏನೇ ಬದಲಾಯಿಸಿದ್ರೂ ಇದು ಸರಿಯಾಗಿ ಬಂದ್ರೇನೇ ಮುಂದಕ್ಕೆ ಹೋಗೋದು."

"ಅಂದ್ರೆ ಅವರಿಗೂ ಕಾಪಿ ತಿದ್ದಿದಂಗಾಯ್ತು ಬಿಡು" ಅಂದರು.

ನಿಮ್ಮ ಕಡೆಯ ಯಾವ ಪದವನ್ನು ಯಾವ ಅಪ್‌ಡೇಟು ತಿಂದಿ‌ದೆ? ಇದ್ದರೆ ತಿಳಿಸಿ, ಪಟ್ಟಿಗೆ ಸೇರಿಸೋಣ. ಐವತ್ತು ಪದ ಏನೇನೂ ಸಾಲದು.